ಗಾಳಿ ಸರಿಯಿಲ್ಲದ ದಿನಗಳು

ಸೋಮವಾರ ಬೆಳಿಗ್ಗೆ ರೊವೀನಾ ಕಾಡಿಗೆ ಬಂದಾಗ, ಅಜ್ಜನ ಪೈನ್ ಮರದ ಬುಡ ಗುಡಿಸಿದ ಅಂಗಳದಂತೆ ಬೋಳಾಗಿತ್ತು. ನೂರು ವರ್ಷದಿಂದ ಉದುರಿ ಅರೆಮೊಳ ದಪ್ಪಕ್ಕೆ ಕೂತಿದ್ದ ಸೂಜಿಯೆಲೆಗಳ ಹಾಸನ್ನು ಯಾರೋ ಸುತ್ತಲೂ ಕೆರೆದು, ಬೂದುಬಣ್ಣದ ಬರಿಮಣ್ಣು ಕಾಣುವವರೆಗೆ ಎಳೆದುಹಾಕಿದ್ದರು. ಕೆರೆದ ಅಂಚಿನಲ್ಲಿ ತುಂಡಾದ ಬೇರುಗಳು ಕೂದಲೆಳೆಗಳ ಹಾಗೆ ನಡುಗುತ್ತಿದ್ದವು.

ಆ ಯಾರೋ ಅದೇ ಮರಕ್ಕೆ ಒರಗಿ ಕೂತು ಕಾಫಿ ಕುಡಿಯುತ್ತಿದ್ದ. ಎಲ್ಡನ್. ಉತ್ತರಕ್ಕೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿನ ಕಡೆಯವನು. ವರ್ಷಗಟ್ಟಲೆ ಕಾಳ್ಗಿಚ್ಚು ಆರಿಸುವ ಪಡೆಯಲ್ಲಿ ದುಡಿದು, ಹೋದ ತಿಂಗಳಷ್ಟೇ ರೊವೀನಾಳ ತಂಡಕ್ಕೆ ಬಂದು, ಗಾಲಿಯ ಮೇಲಿನ ಟ್ರೇಲರ್ ಮನೆಯೊಂದರಲ್ಲಿ ಉಳಿದುಕೊಂಡಿದ್ದ. ಅವಳ ತಂಡದ ಕೆಲಸ ಅದಕ್ಕೆ ತದ್ವಿರುದ್ಧ. ಪಂಕ್ತಿಯೂಟಕ್ಕೆ ನುಗ್ಗಿದ ಜನರಂತೆ ಒತ್ತೊತ್ತಾಗಿ ಬೆಳೆದ ಎಳೆ ಮರಗಳನ್ನು ಕಡಿದು ಕಾಡನ್ನು ತೆಳುಮಾಡುವುದು, ಆಮೇಲೆ, ಮುಂದೆ ದೊಡ್ಡ ಕಿಚ್ಚಿಗೆ ಮೇವು ಸಿಗದಂತೆ, ಹದ ನೋಡಿ ನೆಲಮಟ್ಟದ ಬೆಂಕಿ ಇಡುವುದು.

"ಭಾನುವಾರ ಪೂರ್ತಿ ಇದನ್ನೇ ಮಾಡಿದೆ, ಬಾಸ್," ಅಂದ, ಶಭಾಷ್‌ಗಿರಿಗೆ ಕಾಯುವ ಮುಖದಲ್ಲಿ. "ನಾಳಿದ್ದು ಬೆಂಕಿ ಇಟ್ಟರೂ ನಿಮ್ಮ ಅಜ್ಜನ ಮರದ ಹತ್ತಿರ ಒಂದು ಕಿಡಿ ಸುಳಿಯಲ್ಲ."

ರೊವೀನಾ ಮಂಡಿಯೂರಿ ಬೇರಿನ ಒಂದೆಳೆ ಎತ್ತಿ ಅವನ ಅಂಗೈಯಲ್ಲಿಟ್ಟಳು.

"ಇದು ಮರದ ಬಾಯಿ," ಅಂದಳು. "ನೀನು ಸುತ್ತಲೂ ಕುಯ್ದಿದ್ದೀಯ."

ಎಷ್ಟೋ ಕಾಲ ಬೆಂಕಿ ಕಾಣದ ಕಾಡಿನಲ್ಲಿ ಹಳೆಯ ಮರಗಳು ಎಳೆಬೇರುಗಳನ್ನು ಮೇಲಕ್ಕೆ, ಆ ಕೊಳೆತ ಎಲೆಗಳ ತಂಪಿನೊಳಕ್ಕೆ ಕಳಿಸಿರುತ್ತವೆ. ಅದನ್ನು ಒಂದೇ ಸಲ ಕೆರೆಯಬಾರದು. ಪದರ ಪದರವಾಗಿ, ವರ್ಷ ಬಿಟ್ಟು ವರ್ಷ ತೆಗೆಯಬೇಕು. ಆದರೆ ಕಿಚ್ಚು ಆರಿಸುವವರಿಗೆ ಕಲಿಸುವ ಮೊದಲ ಪಾಠವೇ ಬರಿಮಣ್ಣು ಕಾಣುವವರೆಗೆ ಕೆರೆ ಎಂಬುದು. ಎಲ್ಡನ್‌ನ ಕೈ ತನಗೆ ಗೊತ್ತಿದ್ದ ಒಳ್ಳೆಯದನ್ನೇ ಮಾಡಿತ್ತು. ಅವನು ಒಂದು ನೆಪವನ್ನೂ ಹೇಳಲಿಲ್ಲ. ಅಂಗೈಯಲ್ಲಿದ್ದ ಎಳೆಯನ್ನೇ ನೋಡುತ್ತ ಕೂತ. ಲೋಟದ ಕಾಫಿ ಆರಿಹೋಯಿತು.

ಆ ವಾರ ತಂಡ ಸುತ್ತಲ ಕಾಡಿಗೆಲ್ಲ ಬೆಂಕಿ ಇಟ್ಟಿತು. ಅಜ್ಜನ ಮರವಿದ್ದ ದಿಬ್ಬವನ್ನು ಮಾತ್ರ ರೊವೀನಾ ನಕ್ಷೆಯಿಂದ ಹೊರಗಿಟ್ಟಳು. ಗಾಯದ ಮೇಲೆ ಶಾಖವೂ ತಗುಲಿದ್ದರೆ ಮರ ಉಳಿಯುತ್ತಿರಲಿಲ್ಲ.

"ಈ ಮರ ಒಂದು ಬೆಂಕಿ ದಾಟೋವರೆಗೆ ನಾನು ಎಲ್ಲಿಗೂ ಹೋಗಲ್ಲ," ಅಂದ ಎಲ್ಡನ್. "ದಾಟಿದ ಮಾರನೇ ದಿನ ಊರಿಗೆ ಹೊರಡ್ತೀನಿ."

"ಹಾಗೇ ಮಾಡು," ಅಂದಳು ಅವಳು. ಆಗಿನ್ನೂ ಸಿಟ್ಟಿತ್ತು.

ಸಿಟ್ಟಿಗೆ ಕಾರಣವೂ ಇತ್ತು. ಅವಳ ಬುಡಕಟ್ಟಿನವರಾದ ಕ್ಲಾಮತ್ ಜನರ ಕೈಯಿಂದ ನೆಲ ಹೋದ ಕಾಲದಲ್ಲಿ ಈ ಸೀಮೆಯ ದೊಡ್ಡ ಮರಗಳೆಲ್ಲ ಲಾರಿ ಹತ್ತಿ ಹೋದವು. ಸಿಡಿಲು ಬಡಿದು ಉದ್ದಕ್ಕೆ ಸೀಳಿದ್ದ ಇದೊಂದು ಮಾತ್ರ ಹಲಗೆಗೆ ಬಾರದೆಂದು ಉಳಿಯಿತು. ಬುಡದಲ್ಲಿ ಆಳೆತ್ತರದ ಕಪ್ಪು ಪೊಟರೆ. ಅದರ ಅಂಚಿನಲ್ಲಿ, ಹಳೆಯ ಬೆಂಕಿಗಳು ಒಂದೊಂದಾಗಿ ಬಿಟ್ಟುಹೋದ ಗೆರೆಗಳು. ಪ್ರತಿ ಗೆರೆಯ ಮೇಲೂ ಮರ ತೊಗಟೆಯನ್ನು ಮಡಿಸಿ ಹೊದ್ದುಕೊಂಡಿತ್ತು. ಅವುಗಳ ಮೇಲೆ ಬೆರಳಾಡಿಸಿದರೆ ಅಜ್ಜನ ಅಜ್ಜಂದಿರು ಕಾಡಿಗೆ ಬೆಂಕಿ ಇಟ್ಟ ವರ್ಷಗಳು ಕೈಗೆ ಸಿಗುತ್ತಿದ್ದವು. ಎಲ್ಡನ್‌ಗೆ ಅದನ್ನು ತೋರಿಸಿದ ದಿನ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅವಳ ಸಿಟ್ಟು ಇಳಿಯತೊಡಗಿದ್ದು ಆ ದಿನ.

ಅವನು ಎಲೆಗಳನ್ನು ಬೊಗಸೆ ಬೊಗಸೆಯಾಗಿ ತಂದು, ಮೊದಲಿನಷ್ಟು ದಪ್ಪಕ್ಕಲ್ಲ, ನೆಲ ಮುಚ್ಚುವಷ್ಟು ಮಾತ್ರ ಹಾಸಿದ. ಎರಡು ಬೇಸಿಗೆ ತೊರೆಯಿಂದ ನೀರು ಹೊತ್ತ. ನೀರು ನಿಧಾನವಾಗಿ ಆಳಕ್ಕೆ ಇಳಿಯಲಿ, ಬೇರು ಅದರ ಬೆನ್ನು ಹತ್ತಲಿ ಎಂದು ಒಂದೊಂದೇ ಚೊಂಬು ಸುರಿಯುತ್ತಿದ್ದ. ಸರಿಯಾಗಿ ಸುರಿಯುತ್ತಾನೋ ಇಲ್ಲವೋ ನೋಡುವುದು ರೊವೀನಾಳ ಕೆಲಸವಾಗಿತ್ತು. ದಿನವೂ ನೋಡಬೇಕಿತ್ತೇ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಬಿಸಿಲೇರಿದಾಗ ಹಳೆಯ ಪೈನ್ ತೊಗಟೆ ಸಿಹಿಯಾಗಿ ಘಮಘಮಿಸುತ್ತದೆ. ಒಂದು ಮಧ್ಯಾಹ್ನ ಇಬ್ಬರೂ ಮರದ ಆಚೆ ಒಬ್ಬರು, ಈಚೆ ಒಬ್ಬರು ನಿಂತು, ಬಿರುಕಿಗೆ ಮೂಗು ಒತ್ತಿದ್ದರು. ಅವನು ಅದನ್ನು ವೆನಿಲಾ ಅಂದ, ಅವಳು ಸುಟ್ಟ ಸಕ್ಕರೆ ಅಂದಳು. ನಿನ್ನ ಮೂಗಿಗೆ ಹೊಗೆ ಹಿಡಿದಿದೆ ಎಂದು ಜಗಳವೂ ಆಯಿತು. ನಡುವೆ ಮೂವರು ತೋಳು ಚಾಚಿದರೂ ಸಿಗದಷ್ಟು ದಪ್ಪದ ಮರ. ಮುಖ ಕಾಣದು, ಬರೀ ದನಿ. ಅದರಿಂದಲೇ ಇರಬೇಕು, ಅವಳು ಅಷ್ಟು ಹೊತ್ತು ನಗುತ್ತಿದ್ದುದು. ತೀರ್ಪು ಕೊಡಲು ಬರ್ನೀಸ್ ಅತ್ತೆಯನ್ನು ಕರೆದರು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು, ರೊವೀನಾಳ ಸೋದರತ್ತೆ. ಒಂದು ಸಲ ಮೂಸಿ, ಇಬ್ಬರ ಮುಖವನ್ನೂ ನೋಡಿದಳು.

"ನನಗೆ ಇಲ್ಲಿ ಬೇರೇನೋ ವಾಸನೆ ಬರ್ತಿದೆ ಕಣೇ," ಅಂದು ಹೊರಟುಹೋದಳು.

ಎರಡನೇ ವಸಂತದಲ್ಲಿ ಪ್ರತಿ ಕೊಂಬೆಯ ತುದಿಯಲ್ಲೂ ಹೊಸ ಚಿಗುರು, ಮೇಣದ ಬತ್ತಿಗಳನ್ನು ನಿಲ್ಲಿಸಿದಂತೆ, ಗೇಣುದ್ದ ಎದ್ದಿತು. ಮರ ಉಳಿಯಿತು. ಇನ್ನು ಬೆಂಕಿಯನ್ನು ತಾಳುತ್ತದೆ. ಎಲ್ಲರೂ ಸಂತೋಷಪಟ್ಟರು, ರೊವೀನಾಳೂ ಪಟ್ಟಳು, ಆದರೆ ಎಲ್ಡನ್ ಹೊರಡಲು ಇನ್ನೆಷ್ಟು ತಿಂಗಳು ಎಂದು ಬೆರಳು ಮಡಿಸಿ ಎಣಿಸಿದಳು.

ಶರತ್ಕಾಲ ಬಂತು. ಹುಲ್ಲು ಹದವಾಗಿ ಒಣಗಿತು. ಬೆಂಕಿ ಇಡುವ ದಿನ ಗೊತ್ತುಮಾಡುವವಳು ರೊವೀನಾ. ದಿಬ್ಬದ ನೆತ್ತಿಗೆ ಹೋಗಿ ಗಾಳಿ, ತೇವ ಅಳೆದು ಹೇಳುವವಳೂ ಅವಳೇ. ಮಂಗಳವಾರ ಕೆಳಗಿಳಿದು, ಗಾಳಿ ಸರಿಯಿಲ್ಲ ಅಂದಳು. ಗುರುವಾರವೂ ಅದನ್ನೇ ಅಂದಳು. ತಂಡದವರು ಸಾಮಾನು ಮತ್ತೆ ಟ್ರಕ್ಕಿಗೆ ತುಂಬಿದರು. ಎಲ್ಡನ್ ತುಟಿ ಬಿಚ್ಚಲಿಲ್ಲ.

ಸಂಜೆ ಬರ್ನೀಸ್ ಅತ್ತೆ ಜಿಂಕೆ ಮಾಂಸದ ಸಾರು ತಂದುಕೊಟ್ಟು, ಬಾಗಿಲಲ್ಲೇ ನಿಂತಳು.

"ಗಾಳಿ ಹೊರಗಿದೆಯೋ, ನಿನ್ನೊಳಗಿದೆಯೋ?"

ರೊವೀನಾ ಸಾರಿನ ಪಾತ್ರೆಯನ್ನು ಮೇಜಿನ ಮೇಲಿಟ್ಟಳು.

"ಮುಂದಿನ ವಾರ ಹಿಮ ಬೀಳುತ್ತೆ. ಆಮೇಲೆ ಬರೋದು ಬೇಸಿಗೆ, ಅದರ ಹಿಂದೆ ಸಿಡಿಲು. ಆ ಬೆಂಕಿ ನಿನ್ನ ಅಪ್ಪಣೆ ಕೇಳಲ್ಲ ಮಗಳೇ. ಮರವನ್ನ ನೆತ್ತಿಯವರೆಗೆ ಸುಡುತ್ತೆ."

ಅತ್ತೆ ಹೋದ ಮೇಲೆ ರೊವೀನಾ ಸಾರಿನ ಮುಂದೆ ಕೂತಳು. ಪ್ರೀತಿಯಿಂದಲೇ ಒಬ್ಬ ಆ ಮರದ ಬೇರು ಕಡಿದಿದ್ದ. ಈಗ ತಾನು ಮಾಡುತ್ತಿರುವುದಕ್ಕೆ ಏನು ಹೆಸರು?

ಶನಿವಾರ ಅವಳು ನೆತ್ತಿಯಿಂದ ಇಳಿದು ಬಂದು, ಇವತ್ತು ಅಂದಳು. ಅವರ ಮನೆತನದ ರೂಢಿಯಂತೆ ಬರ್ನೀಸ್ ಅತ್ತೆ ಮೊದಲ ಕಡ್ಡಿ ಗೀರಿ, ಬೆಂಕಿಯ ಹತ್ತಿರ ಬಾಗಿ ಏನೋ ಹೇಳಿದಳು, ಮನೆಗೆ ಬಂದ ನೆಂಟರ ಹತ್ತಿರ ಹೇಳುವಂತೆ. ಬೆಂಕಿ ಕೇಳಿಸಿಕೊಂಡಿತೇನೋ. ಎದ್ದು ಕುಣಿಯಲಿಲ್ಲ. ಪಾದದ ಎತ್ತರಕ್ಕೆ, ಹುಲ್ಲನ್ನು ಮೇಯುತ್ತ, ಮೆಲ್ಲಗೆ ದಿಬ್ಬ ಹತ್ತಿತು. ಹೊಗೆಯೊಳಗೆ ಬಿಸಿಲು ಕಂಬ ಕಂಬವಾಗಿ ಇಳಿದಿತ್ತು. ಎಲ್ಲೆಡೆ ಮೃದುವಾದ ಚಟಪಟ. ಅದನ್ನು ಬಿಟ್ಟರೆ ಕಾಡೆಲ್ಲ ಉಸಿರು ಹಿಡಿದಂತಿತ್ತು.

ಬೆಂಕಿ ಅಜ್ಜನ ಮರದ ಬುಡ ತಲುಪಿತು. ಕಪ್ಪು ಪೊಟರೆಯ ಒಳಗೊಮ್ಮೆ ಬೆಳಕು ತುಂಬಿ, ಹಳೆಯ ಗೆರೆಗಳೆಲ್ಲ ಕೆಂಪಗೆ ಎದ್ದು ಕಂಡವು. ತೊಗಟೆಯ ಎರಡು ಚಕ್ಕೆ ಉರಿದು ಉದುರಿದವು. ಅಷ್ಟೇ. ಬೆಂಕಿ ಮರವನ್ನು ಎರಡೂ ಕಡೆಯಿಂದ ಬಳಸಿ, ಆಚೆ ಕೂಡಿಕೊಂಡು, ಮುಂದೆ ನಡೆಯಿತು. ಅಷ್ಟೆತ್ತರದಲ್ಲಿ, ಹಸಿರಿನಲ್ಲಿ, ಒಂದು ಸೂಜಿಯೆಲೆಯೂ ಬಾಡಿರಲಿಲ್ಲ. ಬದುಕಿನ ಅರ್ಧವನ್ನು ಬೆಂಕಿಯ ಜೊತೆ ಕಾದಾಡಿ ಕಳೆದ ಎಲ್ಡನ್ ಮಸಿ ಮೆತ್ತಿದ ಕೆನ್ನೆಯ ಮೇಲೆ ನೀರಿಳಿಸುತ್ತ ನಿಂತಿದ್ದ. ಒರೆಸಿಕೊಳ್ಳಬೇಕು ಅನ್ನುವುದೂ ಅವನಿಗೆ ಹೊಳೆದಿರಲಿಲ್ಲ.

ಹೊತ್ತಿಳಿಯುವಾಗ ಉಳಿದ ಕೆಲಸ ಒಂದೇ: ಎಲ್ಲಾದರೂ ಕೆಂಡ ಅಡಗಿದೆಯೇ ಎಂದು ಬೂದಿಯ ಮೇಲೆ ಕೈಯ ಹಿಂಬದಿ ತಾಗಿಸುತ್ತ ನೆಲ ತಡವುವುದು. ಇಬ್ಬರೂ ಮಂಡಿಯೂರಿ ಮರದ ಸುತ್ತ ಎದುರುಬದುರಾಗಿ ಬಂದರು.

"ಮಂಗಳವಾರ ಗಾಳಿ ಚೆನ್ನಾಗೇ ಇತ್ತು," ಅಂದಳು ರೊವೀನಾ, ನೆಲ ನೋಡುತ್ತ. "ಗುರುವಾರವೂ."

"ಗೊತ್ತು. ನನ್ನ ಒಲೆ ಹೊಗೆ ಎರಡು ದಿನವೂ ಹದವಾಗಿ ಪೂರ್ವಕ್ಕೆ ಬಾಗ್ತಿತ್ತು."

ಅವಳು ತಲೆಯೆತ್ತಿದಳು. "ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಬಾಯಿಬಿಟ್ಟಿದ್ರೆ ನೀನು ಬೆಂಕಿ ಇಡ್ತಿದ್ದೆ. ಇಟ್ಟಿದ್ರೆ ನಾನು ಹೊರಡಬೇಕಿತ್ತು."

ಕೆಳಗೆ ಟ್ರಕ್ಕಿನ ಹತ್ತಿರ ಯಾರೋ ನಗುತ್ತಿದ್ದರು. ಬೂದಿಯ ಮೇಲೆ ಅವನ ಕೈ ಅವಳ ಕೈಯಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು. ಆ ದೂರವನ್ನು ಅವಳೇ ದಾಟಿದಳು.

"ಒಂದು ಬೆಂಕಿಗೆ ಯಾವ ಕಾಡು ಸರಿಹೋಗಿದೆ, ಎಲ್ಡನ್? ಹತ್ತು ವರ್ಷಕ್ಕೆ ಇನ್ನೊಂದು ಬೇಕು. ಅದಾದ ಮೇಲೆ ಮತ್ತೊಂದು."

ಅವನು ಅದನ್ನು ಲೆಕ್ಕ ಹಾಕುವವನಂತೆ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ.

"ಅಷ್ಟು ವರ್ಷ ಆ ಟ್ರೇಲರಿನಲ್ಲಿ ಚಳಿ ತಡೆಯೋಕಾಗಲ್ಲ."

"ನಮ್ಮನೆ ಒಲೆ ದೊಡ್ಡದು," ಅಂದಳು ರೊವೀನಾ. ಅಷ್ಟು ಹೇಳಿ ಕೈ ಬಿಡಿಸಿಕೊಂಡು, ಇನ್ನೂ ಮುಟ್ಟಿ ನೋಡದೆ ಉಳಿದಿದ್ದ ನೆಲದ ಕಡೆ ತಿರುಗಿದಳು. ಅವನೂ ಮಂಡಿಯೂರಿಕೊಂಡೇ ಅವಳ ಪಕ್ಕಕ್ಕೆ ಬಂದ.