ಗೆರೆಗೇನು ಕಾಲಿದೆಯಾ

ಆ ಹೆಂಗಸು ಅವನ ತೋಪಿನಲ್ಲಿ ನಿಂತು ಅವನದೇ ಮರಗಳನ್ನು ಬೆರಳು ತೋರಿಸಿ ಎಣಿಸಿದ್ದಳು. ಒಂದು, ಎರಡು, ಮೂರು, ಹಾಜರಿ ಕೂಗುವ ಮೇಷ್ಟರ ಹಾಗೆ. ನಲವತ್ತಮೂರಕ್ಕೆ ನಿಂತು, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡೇ, "ಎಲ್ಲ ಹಸಿ ಮರ ಸರ್. ಆಗಲ್ಲ" ಎಂದಿದ್ದಳು. ಅವನು ಅಲ್ಲಿ ಕಟ್ಟಬೇಕೆಂದಿದ್ದ ಹನ್ನೆರಡು ಮನೆಗಳ ನಕ್ಷೆಯನ್ನು ಮಡಚಿ ಅವನ ಕೈಗೇ ಕೊಟ್ಟು, ಕೆಸರು ಮೆತ್ತಿದ ಬೂಟಿನಲ್ಲಿ ನಡೆದುಹೋಗಿದ್ದಳು.

ಅವಳು ನಗರಸಭೆಯ ಜೌಗುನೆಲದ ಪರಿವೀಕ್ಷಕಿ. ಸೊಂಟಕ್ಕೆ ಸದಾ ಅಳತೆ ಟೇಪು ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಊರಿಗೆಲ್ಲ ಟೇಪಮ್ಮ. ಅವನೋ ಅದೇ ನಗರಸಭೆಯ ಸದಸ್ಯ, ಊರಿಗಿದ್ದ ಒಂದೇ ಮರದ ಮಿಲ್ಲಿನ ಒಡೆಯ. ಅವಳ ಸಂಬಳದ ಕಡತಕ್ಕೆ ವರ್ಷಕ್ಕೊಮ್ಮೆ ಕೈ ಎತ್ತುವವರಲ್ಲಿ ಒಬ್ಬ. 'ಆಗಲ್ಲ' ಎನ್ನುವ ಮಾತನ್ನು ಅವನು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದನೇನೋ. ಆದರೆ ಸಂಜೆ ಮಿಲ್ಲಿನ ಅಂಗಳದಲ್ಲಿ, ಲಾರಿಯ ಆಚೆ ಬದಿಯಿಂದ ಒಬ್ಬ ಹಮಾಲಿ ಹೇಳಿದ್ದು ಕಿವಿಗೆ ಬಿತ್ತು.

"ಟೇಪಮ್ಮ ಇವತ್ತು ನಮ್ಮ ಧಣಿಗಳನ್ನೂ ಅಳೆದುಬಿಟ್ಟಳಂತೆ."

"ಎಷ್ಟು ಬಂದ್ರಂತೆ?"

"ಗೇಣುದ್ದವೂ ಇಲ್ವಂತೆ."

ನಗು ಎದ್ದಿತು. ಅವನು ಕೆಮ್ಮದೆ, ಹೆಜ್ಜೆ ಸಪ್ಪಳ ಮಾಡದೆ ಹಿಂದೆ ಸರಿದ. ಮರಗಳು ಸಾಯಬೇಕು ಎಂದು ಅವನು ತೀರ್ಮಾನಿಸಿದ್ದು ಅಲ್ಲೇ, ಮರದ ಹೊಟ್ಟಿನ ರಾಶಿಯ ಪಕ್ಕದಲ್ಲಿ.

ಹಳ್ಳ ಊರಿನ ಅಂಚಿಗೆ ಬಂದು ಅಗಲವಾಗಿ ಹರಡಿಕೊಂಡು ಜೌಗಾಗುತ್ತಿತ್ತು. ನೀರಿನ ಅಂಚಿನಿಂದ ಮೂವತ್ತು ಮೀಟರಿಗೆ ನಗರಸಭೆಯ ಗೆರೆ. ಗೆರೆಯ ಒಳಗೆ ಯಾವ ಕಟ್ಟಡವನ್ನೂ ಕಟ್ಟುವಂತಿಲ್ಲ. ಗೆರೆಯಾಚೆ ಅವನ ತೋಪು. ತೋಪಿನಾಚೆ, ನೀರಿಗೆ ಅರವತ್ತೊಂದು ಮೀಟರ್ ದೂರದಲ್ಲಿ, ಎಂಟು ವರ್ಷದ ಹಿಂದೆ ಅವನೇ ಕಟ್ಟಿಸಿದ ಎರಡಂತಸ್ತಿನ ಮನೆ. ಪ್ರತಿ ಬಾಗಿಲೂ ಅವನೇ ಆರಿಸಿದ ಹಲಗೆ, ಪ್ರತಿ ತೊಲೆಯೂ ಅವನೇ ನಿಂತು ಕೊಯ್ಸಿದ್ದು. ಆ ಮನೆಯ ಬಗ್ಗೆ ಯಾರೂ ಚಕಾರವೆತ್ತುವಂತಿರಲಿಲ್ಲ. ಅಂಗೈಯಷ್ಟು ಸಮತಟ್ಟಾದ ನೆಲ, ಗೆರೆಗೆ ದುಪ್ಪಟ್ಟು ದೂರ, ಎಲ್ಲ ಕಾಗದ ಸರಿ.

ದಿಮ್ಮಿಯಲ್ಲಿ ಗಂಟು ಎಲ್ಲಿದೆ ಎಂದು ನೋಡಿ ಗರಗಸ ಇಡುವವನ ಹಾಗೆ ಅವನು ನಿಯಮದ ಪುಸ್ತಕ ಓದಿದ. ಜೌಗಿನ ಬದಿಯ ತೋಪಿನಲ್ಲಿ ಹಸಿ ಮರ ಕಡಿಯಬಾರದು. ಸರಿ. ನೀರಿನ ಅಂಚಿಗೇ ಮಣ್ಣು ಸುರಿದು ಗೆರೆಯನ್ನು ಹಿಂದಕ್ಕೆ ತಳ್ಳಿ, ಮರ ಮುಟ್ಟದೆ ತೋಪಿನ ಮುಂದೆಯೇ ಕಟ್ಟಿದರೆ? ಅದಕ್ಕೂ ಬೀಗ ಹಾಕಿದ್ದರು: ಮನುಷ್ಯನ ಕೈಯಿಂದ ನೀರಿನ ಅಂಚು ಬದಲಾದರೆ ಹಳೆಯ ಅಂಚೇ ಲೆಕ್ಕಕ್ಕೆ, ತಾನಾಗಿ ಬದಲಾದರೆ ಹೊಸ ಅಂಚು. ಅವನು ಪುಟ ತಿರುವಿದ. ಬೇಕಾದದ್ದು ಹದಿನೇಳನೇ ಪುಟದಲ್ಲಿ ಸಿಕ್ಕಿತು. ರೋಗ ತಗುಲಿ ಸತ್ತ ಮರಗಳನ್ನು, ರೋಗ ಹರಡದಂತೆ, ಬುಡಸಮೇತ ಕಿತ್ತು ಸ್ಥಳದಲ್ಲೇ ಸುಡತಕ್ಕದ್ದು. ಆ ಬಳಿಕ ಆ ನೆಲವನ್ನು ಬಯಲು ಎಂದು ಪರಿಗಣಿಸತಕ್ಕದ್ದು.

ಅವನು ಪುಸ್ತಕ ಮುಚ್ಚಿದ. ಮರ ಸತ್ತರೆ ಸಾಕು, ಸಾಕ್ಷ್ಯವನ್ನು ಸರ್ಕಾರವೇ ಸುಟ್ಟುಕೊಡುತ್ತದೆ.

ಮರ ಅವನಿಗೆ ಗೊತ್ತಿದ್ದಷ್ಟು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಅದೇ ಕಸುಬು. ಗೆಣ್ಣಿನಿಂದ ಎರಡು ಸಲ ತಟ್ಟಿ, ದಿಮ್ಮಿಯಲ್ಲಿ ಮರವೆಷ್ಟು ನೀರೆಷ್ಟು ಎಂದು ಹೇಳುತ್ತಿದ್ದ. ಒಣಗಿಸಿದ ಮೇಲೆ ತೂಗಿ ನೋಡಿದವರು ತಲೆಯಾಡಿಸುತ್ತಿದ್ದರು. ಹಸಿ ಮರವನ್ನು ತೂಕಕ್ಕೆ ಮಾರಲು ಬಂದವರನ್ನು, "ನನಗೆ ನೀರು ಮಾರೋಕೆ ಬಂದ್ರಾ? ಅದು ಹಳ್ಳದಲ್ಲಿ ಬಿಟ್ಟಿ ಸಿಗುತ್ತೆ" ಎಂದು ಗೇಟಿನಿಂದಲೇ ಕಳಿಸುತ್ತಿದ್ದ. ಇಂಥವನಿಗೆ ಮರ ಕೊಲ್ಲುವುದು ನೀರು ಕುಡಿದಷ್ಟು ಸುಲಭ.

ಡಾಕ್ಟರು ಬೆಳಗ್ಗೆ ನಡೆಯಲು ಹೇಳಿದ್ದಾರೆ ಎಂದು ಮನೆಯಲ್ಲಿ ಸಾರಿದ. ಹೆಂಡತಿಗೆ ಸಂತೋಷವಾಯಿತು. "ಅಂತೂ ನಿಮ್ಮ ಹೊಟ್ಟೆಗೂ ಒಂದು ಗೆರೆ ಹಾಕಿದ್ರಲ್ಲ" ಎಂದಳು. ಭಾನುವಾರ ಭಾನುವಾರ ಅವನು ಕೊಡೆಯೊಳಗೆ ಬೈರಿಗೆ ಸಿಕ್ಕಿಸಿಕೊಂಡು ತೋಪಿಗೆ ಹೋದ. ಕೈಯಲ್ಲಿ ತಿರುಗಿಸುವ ಹಳೆಯ ಬೈರಿಗೆ, ಸದ್ದಿಲ್ಲ. ಬುಡದ ಮಣ್ಣು ಸರಿಸಿ, ನೆಲದ ಮಟ್ಟಕ್ಕಿಂತ ಕೆಳಗೆ ಕೊರೆದು, ಕಳೆನಾಶಕ ತುಂಬಿ, ಅದೇ ಜಾತಿ ಮರದ ಬೆಣೆ ಜಡಿದು, ಮಣ್ಣು ಎಳೆದ. ಸಾಲಾಗಿ ಕೊಲ್ಲಲಿಲ್ಲ. ರೋಗ ಸಾಲಿನಲ್ಲಿ ಬರುವುದಿಲ್ಲ. ಮೂಲೆಯಿಂದ ಶುರುಮಾಡಿ ಎರಡನ್ನು ಬಿಟ್ಟು ಒಂದನ್ನು, ಆಮೇಲೆ ಬಿಟ್ಟ ಎರಡನ್ನು, ಆಮೇಲೆ ದೂರದ ಒಂದನ್ನು. ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ, ಒಂದಿಷ್ಟು ನರಳಿ ಸಾಯಲಿ ಎಂದು. ಏಳು ತಿಂಗಳಲ್ಲಿ ಅವನು ನಾಲ್ಕು ಕಿಲೋ ಇಳಿದ. ಎಲ್ಲರೂ ಹೊಗಳಿದರು.

ಎಲೆಗಳು ಅಂಚಿನಿಂದ ಕಂದತೊಡಗಿದಾಗ ಮೊದಲ ದೂರು ಕೊಟ್ಟವನೂ ಅವನೇ. ಟೇಪಮ್ಮನ ಮೇಜಿನ ಮುಂದೆ ಕೂತು, "ನೋಡಿ ಮೇಡಂ, ಅವತ್ತು ನೀವು ಎಣಿಸಿದ್ದು ದೃಷ್ಟಿ ಆಯ್ತೋ ಏನೋ" ಎಂದ. ಅವಳು ನಗಲಿಲ್ಲ. ಬಂದು ಬೇರಿನ ಚೂರು, ಎಲೆ, ತೊಗಟೆ ತೆಗೆದುಕೊಂಡು ಪ್ರಯೋಗಾಲಯಕ್ಕೆ ಕಳಿಸಿದಳು. ಸಾಯುತ್ತಿರುವ ಬೇರಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಪ್ರಯೋಗಾಲಯ ಬೂಷ್ಟು ಹುಡುಕಿತು, ಬೂಷ್ಟು ಸಿಕ್ಕಿತು. 'ಸ್ವಾಭಾವಿಕ ರೋಗ' ಎಂದು ಬರೆದ ಕಾಗದಕ್ಕೆ ಮೂರು ಮೊಹರು ಬಿದ್ದವು. ಟೇಪಮ್ಮ ಸಹಿ ಹಾಕುವಾಗ ಪೆನ್ನು ಒಂದು ಗಳಿಗೆ ನಿಂತಿತು. ಅದನ್ನು ಅವನು ಗಮನಿಸಿದ, ಆಮೇಲೆ ಮನಸ್ಸಿನಲ್ಲಿ ಎಷ್ಟೋ ಸಲ ಮೆಲುಕು ಹಾಕಿದ.

ನಲವತ್ತಮೂರೂ ಉರುಳಿದವು. ಬುಡಗಳು ಹನ್ನೊಂದು ದಿನ ಉರಿದವು. ಗುಂಡಿಗಳನ್ನು ನಗರಸಭೆಯ ಯಂತ್ರವೇ ಮುಚ್ಚಿ ಸಮ ಮಾಡಿತು.

ಉಳಿದದ್ದು ದಾರಿ. ಹನ್ನೆರಡು ಮನೆಗೆ ಹೋಗಲು ಲಾರಿ ಓಡಾಡುವಷ್ಟು ಅಗಲದ ದಾರಿ ಬೇಕಿತ್ತು. ಗೆರೆಯ ನಿಷೇಧ ಕಟ್ಟಡಕ್ಕೆ, ದಾರಿಗಲ್ಲ. ಅಡ್ಡ ಇದ್ದದ್ದು ಬಣ್ಣದಕ್ಕನ ಶೆಡ್ಡು. ಹಳ್ಳಕ್ಕೆ ಒಂಬತ್ತು ಮೀಟರಿನಲ್ಲಿ, ತಗಡಿನ ಮಾಡು, ನೆಲದಲ್ಲಿ ಹೂತ ಐದು ತೊಟ್ಟಿ. ಇಪ್ಪತ್ತಾರು ವರ್ಷದಿಂದ ಅಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದಳು. ಗೆರೆ ಬಂದದ್ದು ಹತ್ತು ವರ್ಷದ ಹಿಂದೆ. ಮೊದಲೇ ಇದ್ದ ಕಟ್ಟಡಗಳನ್ನು ಮುಟ್ಟಬಾರದು ಎಂಬ ಒಂದು ಸಾಲು ಅವಳನ್ನು ಕಾಯುತ್ತಿತ್ತು. ಆ ಸಾಲನ್ನು ಅಳಿಸುವ ತಿದ್ದುಪಡಿಯನ್ನು ಅವನೇ ಮಂಡಿಸಿದ. ಗೆರೆಯ ಒಳಗೆ ಬಂದ ಕಟ್ಟಡ ಯಾವುದೇ ಇರಲಿ, ಯಾವಾಗಲೇ ಕಟ್ಟಿದ್ದಿರಲಿ, ಅರವತ್ತು ದಿನದಲ್ಲಿ ಕೆಡವತಕ್ಕದ್ದು. ಪರಿಹಾರವಿಲ್ಲ, ಮೇಲ್ಮನವಿಯಿಲ್ಲ.

"ನೀರು ಎಲ್ಲರದ್ದು" ಎಂದು ಅವನು ಸಭೆಯಲ್ಲಿ ಹೇಳಿದ. "ಜೌಗು ಉಳಿಸೋಕೆ ಹೊರಟ ಮೇಲೆ ಯಾರ ಮುಖಾನೂ ನೋಡಬಾರದು. ನಾಳೆ ನನ್ನ ಮನೇನೇ ಅಡ್ಡ ಬಂದರೂ ಅಷ್ಟೆ." ಪತ್ರಿಕೆಯವರು ಆ ಮಾತನ್ನು ಬರೆದುಕೊಂಡರು.

ಬಣ್ಣದಕ್ಕ ಕಡೆಯ ಸಾಲಿನಿಂದ ಎದ್ದು ನಿಂತಳು. ಮೊಣಕೈವರೆಗೆ ಕೈ ನೀಲಿ. ಆ ನೀಲಿ ಇನ್ನು ಯಾವ ಸಾಬೂನಿಗೂ ಹೋಗುವಂಥದ್ದಲ್ಲ.

"ಒಂದು ಮಾತು ಅಣ್ಣ. ನಾನು ಹೋಗಿ ಗೆರೆ ಒಳಗೆ ಕೂತವಳಲ್ಲ. ನಾನು ಇದ್ದಲ್ಲೇ ಇದ್ದೆ, ಗೆರೆ ನನ್ನ ಹತ್ರ ಬಂತು."

"ಗೆರೆಗೇನು ಕಾಲಿದೆಯಾ ಅಕ್ಕ, ನಡ್ಕೊಂಡು ಬರೋಕೆ?"

ಸಭೆ ಗೊಳ್ಳೆಂದಿತು. ಅಧ್ಯಕ್ಷರು ಮೇಜು ಕುಟ್ಟುತ್ತಲೇ ನಕ್ಕರು. ನಗುವಿನ ನಡುವೆಯೇ ಕೈಗಳು ಮೇಲೆದ್ದವು. ಎಣಿಸಲೂ ಇಲ್ಲ. ಬಡವರ ಮಾಡು ಕೀಳುವುದಕ್ಕೆ ಆ ಸಭೆಯಲ್ಲಿ ಎಂದಾದರೂ ಕೈಗಳ ಕೊರತೆಯಾದದ್ದುಂಟೇ? ಬಣ್ಣದಕ್ಕ ತನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು.

ಅರವತ್ತನೇ ದಿನ ಯಂತ್ರ ಬಂತು. ತೊಟ್ಟಿಗಳು ಒಡೆದು ಹಳ್ಳ ಎರಡು ದಿನ ನೀಲಿಯಾಗಿ ಹರಿಯಿತು, ಮೂರನೇ ದಿನ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ತೊಟ್ಟಿ ಒಡೆದದ್ದು ನಗರಸಭೆ. ಹಳ್ಳ ಕೆಡಿಸಿದ ದಂಡ ಬಿದ್ದದ್ದು ಬಣ್ಣದಕ್ಕನಿಗೆ. ಅವಳು ಈಗ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾಳೆ ಎಂದು ಹೆಂಡತಿ ಹೇಳಿದಳು. "ನೀಲಿ ಕೈ ನೋಡಿ ರೋಗಿಗಳು ಹೆದರ್ತಾರಂತೆ ರೀ. ಕೈಗವಸು ಹಾಕಿಸಿದ್ದಾರೆ." ಅವನು ಪತ್ರಿಕೆಯ ಪುಟ ತಿರುವಿದ.

ಆ ವರ್ಷದ ಮಳೆ ಎಂದಿನಂತೆ ಬಂತು, ಎಂದಿನಂತೆ ನಿಂತಿತು. ಎಂದಿನಂತಿಲ್ಲದ್ದು ಬಚ್ಚಲು.

"ನೀರು ಇಳೀತಾನೇ ಇಲ್ಲ ರೀ" ಎಂದಳು ಹೆಂಡತಿ. "ಸ್ನಾನ ಮಾಡಿ ಬಂದರೆ ಕಾಲು ತೊಳ್ಕೊಳ್ಳೋಕೆ ಇನ್ನೊಂದು ಸ್ನಾನ ಬೇಕು."

ಕೊಳಾಯಿಯವನನ್ನು ಕರೆಸಿದ. ಬಂದವನು ಕೊಳವೆಯೊಳಗೆ ಸರಿಗೆ ಬಿಟ್ಟು ತಿರುಗಿಸಿ, ಏನೂ ಸಿಕ್ಕಿಲ್ಲ, ದಾರಿ ಚೊಕ್ಕವಾಗಿದೆ, ನೀರಿಗೆ ಹೋಗಲು ಮನಸ್ಸಿಲ್ಲ ಅಷ್ಟೆ ಎಂದು ಹೇಳಿಹೋದ. ಕೆಳಗಿನ ಕೋಣೆಯ ಗೋಡೆಗೆ ಮೊಳದೆತ್ತರ ತೇವ ಏರಿತು. ಹೆಬ್ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತು. ಅವನೇ ಕೀಸುಳಿ ಹಿಡಿದು ಕೆರೆದ. ಕಪ್ಪೆಗಳ ಸದ್ದು ಕಿಟಕಿಯ ಕೆಳಗೇ ಕೇಳುತ್ತಿದೆ ಎಂದು ಹೆಂಡತಿ ಗೊಣಗಿದಳು. ತೋಪಿದ್ದ ಜಾಗದಲ್ಲಿ ಅಲ್ಲಲ್ಲಿ ನಿಂತ ನೀರಿನಲ್ಲಿ ಆಕಾಶ ಹೊಳೆಯುತ್ತಿತ್ತು. ಮಣ್ಣು ಇನ್ನೂ ಕೂತಿಲ್ಲ, ನಾಲ್ಕು ಲಾರಿ ಜಲ್ಲಿ ಸುರಿದರೆ ಗಟ್ಟಿಯಾಗುತ್ತದೆ ಎಂದುಕೊಂಡ. ಅವನ ತಲೆಯ ತುಂಬ ಹನ್ನೆರಡು ಮನೆಗಳಿದ್ದವು. ನಕ್ಷೆಯನ್ನು ಮಡಿಕೆ ಬಿಡಿಸಿ, ಹೊಸ ಅರ್ಜಿಯ ಜತೆ, ಟೇಪಮ್ಮನ ಮೇಜಿಗೆ ತಾನೇ ಒಯ್ದು ಕೊಟ್ಟ. ಕಟ್ಟುವ ಅರ್ಜಿ ಬಂದರೆ, ಮಳೆ ನಿಂತು ತೊಂಬತ್ತು ದಿನದ ಮೇಲೆ ನೀರಿನ ಅಂಚನ್ನು ಹೊಸದಾಗಿ ಅಳೆಯುವುದು ಪದ್ಧತಿ. ಅಳೆಯಲಿ. ಅವಳು ಅಳೆಯುವುದನ್ನು ಅವನು ಕುರ್ಚಿ ಹಾಕಿಸಿಕೊಂಡು ನೋಡಬೇಕೆಂದಿದ್ದ.

ತೊಂಬತ್ತೊಂದನೇ ದಿನ ಬೆಳಗ್ಗೆ ಟೇಪಮ್ಮ ಬಂದಳು. ಅವನು ನಿಜಕ್ಕೂ ಜಗಲಿಯ ಮೇಲೆ ಕುರ್ಚಿ ಹಾಕಿ ಕೂತಿದ್ದ. ಕೆಂಪು ಗೂಟಗಳ ಕಟ್ಟು ಹಿಡಿದು ಅವಳು ಜೌಗಿನ ಕಡೆಯಿಂದ ನಡೆದು ಬಂದಳು, ತೋಪಿದ್ದ ಬಯಲಿಗೆ ಬಂದಳು, ಗೂಟ ಊರಲಿಲ್ಲ. ಇನ್ನೂ ಮುಂದೆ ಬಂದಳು. ಬೂಟು ಪ್ರತಿ ಹೆಜ್ಜೆಗೂ ಪಚಕ್ಕೆನ್ನುತ್ತಿತ್ತು. ಅವನ ಮನೆಯ ಮೆಟ್ಟಿಲು ಕಾಣುವಷ್ಟು ಹತ್ತಿರ ಬಂದು, ಬಗ್ಗಿ, ಮೊದಲ ಗೂಟ ಊರಿದಳು. ಟೇಪಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ ಜಗಲಿಯವರೆಗೆ ಎಳೆದು ತಂದಳು.

"ಹತ್ತೊಂಬತ್ತು ಮೀಟರ್."

"ಏನು ಹತ್ತೊಂಬತ್ತು?"

"ನೀರಿನ ಅಂಚಿಂದ ನಿಮ್ಮ ಮನೆಗೆ ಸರ್. ಗೆರೆ ನಿಮ್ಮ ಹಿತ್ತಲು ದಾಟಿ ಆಚೆ ಹೋಗಿದೆ."

ಅವನು ನಕ್ಕ. ಅವಳು ನಗಲಿಲ್ಲ ಎಂದು ಕಂಡ ಮೇಲೂ ಆ ನಗು ಒಂದಿಷ್ಟು ಹೊತ್ತು ಬಾಯಲ್ಲೇ ಉಳಿದಿತ್ತು.

"ಇದು ಮಳೆ ನೀರು ಮೇಡಂ. ಆ ಗುಂಡಿಗಳದ್ದು."

"ಗುಂಡಿ ನಾವೇ ಮುಚ್ಚಿಸಿದ್ದು. ಮಳೆ ನಿಂತು ಮೂರು ತಿಂಗಳಾಯ್ತು. ಇದು ಕೆಳಗಿನಿಂದ ಬಂದ ನೀರು." ಅವಳು ಹಲಗೆಗೆ ಸಿಕ್ಕಿಸಿದ್ದ ನಮೂನೆಯನ್ನು ಅವನ ಕಡೆ ತಿರುಗಿಸಿದಳು. ಎರಡು ಚೌಕವಿತ್ತು. "ತಾನಾಗಿ ಬದಲಾದದ್ದು ಅಂತ ಟಿಕ್ ಹಾಕಿದರೆ ಹೊಸ ಗೆರೆ. ಆಗ ನಿಮ್ಮ ತಿದ್ದುಪಡಿ ಪ್ರಕಾರ ಅರವತ್ತು ದಿನ. ಮನುಷ್ಯರ ಕೈವಾಡ ಅಂತ ಹಾಕಿದರೆ ಹಳೇ ಗೆರೆಯೇ ಉಳಿಯುತ್ತೆ, ಮನೆಯೂ ಉಳಿಯುತ್ತೆ. ಯಾವುದಕ್ಕೆ ಹಾಕಲಿ?"

"ಎರಡನೇದಕ್ಕೆ."

"ಬುಡ, ಬೇರು ಎಲ್ಲ ಸುಟ್ಟಿದ್ದೀವಿ. ಪ್ರಯೋಗಾಲಯ ರೋಗ ಅಂದಿದೆ. ಇನ್ನು ಮಾಡಿದವರೇ ಬಂದು ಬರೆದುಕೊಡಬೇಕು ಸರ್." ಅವಳು ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿ ತೆಗೆದಳು. "ನಿಮಗೆ ಯಾರಾದರೂ ಗೊತ್ತಾ?"

ಒಳಗೆ ಬಚ್ಚಲಲ್ಲಿ ಹೆಂಡತಿ ತಂಬಿಗೆಯಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ ಸದ್ದು ಕೇಳುತ್ತಿತ್ತು. ಅವನು ಪೆನ್ನು ನೋಡಿದ, ಕೊಡೆಗಳ ಮೂಲೆಯನ್ನು ನೋಡಿದ, ಉಬ್ಬಿ ಮುಚ್ಚದೆ ನಿಂತಿದ್ದ ತನ್ನ ಹೆಬ್ಬಾಗಿಲನ್ನು ನೋಡಿದ. "ನೀರು ಯಾಕೆ ಬಂತು?" ಎಂದ. "ಬರಲಿಲ್ಲ ಸರ್, ಇಲ್ಲೇ ಇತ್ತು" ಎಂದಳು ಟೇಪಮ್ಮ, ಚಿಕ್ಕ ಮಕ್ಕಳಿಗೆ ಹೇಳುವಷ್ಟು ಮೆಲ್ಲಗೆ. "ನಲವತ್ತಮೂರು ಮರ. ಒಂದೊಂದೂ ದಿನಕ್ಕೆ ಕೊಡಗಟ್ಟಲೆ ಎಳೆದು ಎಲೆಯಿಂದ ಗಾಳಿಗೆ ಬಿಡ್ತಿತ್ತು. ಕುಡಿಯೋರು ಹೋದ ಮೇಲೆ ಅದು ಎಲ್ಲಿಗೆ ಹೋಗಬೇಕು?" ಅವನ ಗೆಣ್ಣು ತನ್ನಷ್ಟಕ್ಕೆ ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿತು. ಮೂವತ್ತು ವರ್ಷ ಒಂದೊಂದು ದಿಮ್ಮಿಯನ್ನೂ ತಟ್ಟಿ, ಇದರಲ್ಲಿ ಅರ್ಧ ಮರ ಅರ್ಧ ನೀರು ಎಂದು ಊರಿಗೆಲ್ಲ ಹೇಳಿದ್ದ, ಆ ಅರ್ಧವನ್ನು ತೂಕದಿಂದ ಕಳೆದು ಗೇಟಿನಾಚೆ ಅಟ್ಟಿದ್ದ. ಆ ನೀರನ್ನು ಮರ ಎಲ್ಲಿಂದ ತರುತ್ತಿತ್ತು ಎಂದು ಮಾತ್ರ ಒಂದು ದಿನವೂ ಕೇಳಿಕೊಂಡಿರಲಿಲ್ಲ.