ನಗದ ಇನ್ಸ್‌ಪೆಕ್ಟರಮ್ಮ

"ಇವಳು ಯಾವಾಗ ನಕ್ಕಳು?"

ಕರಡು ಪ್ರತಿಯ ಕಟ್ಟು ಧೊಪ್ಪನೆ ಸಂಪಾದಕನ ಮೇಜಿನ ಮೇಲೆ ಬಿತ್ತು. ಅವನು ತಲೆ ಎತ್ತಿದ.

ಎದುರಿಗೆ ಅನುವಾದಕಿ. ಇಷ್ಟು ದಿನ ಇಮೇಲಿನಲ್ಲಷ್ಟೇ ಪರಿಚಯ. ಅವಳ ಕಣ್ಣು ಕಮಲದಂತಿತ್ತು ಎಂದು ಬರೆಯಲಿ ಅಂತ ನೀವು ಕಾಯುತ್ತಿದ್ದರೆ ಬೇರೆ ಕಥೆ ನೋಡಿಕೊಳ್ಳಿ. ನಿದ್ದೆಗೆಟ್ಟ ಕಣ್ಣು, ಬಾಚದ ಕೂದಲು, ಮೂಗಿನ ತುದಿಯಲ್ಲಿ ಕೋಪ.

"ನಲವತ್ತೊಂದನೇ ಪುಟ. ನನ್ನ ಇನ್ಸ್‌ಪೆಕ್ಟರಮ್ಮ ಯಾರ ಹತ್ರನೂ ಮಾತಾಡದೆ ಎದ್ದು ಹೋಗ್ತಾಳೆ. ನೀವು ಅವಳ ಕಣ್ಣಲ್ಲಿ ನೀರು ತರಿಸಿ, ನಗಿಸಿ, ಕೊನೆಗೆ 'ಕ್ಷಮಿಸಿ' ಅನ್ನಿಸಿದ್ದೀರಿ. ಯಾಕೆ ಕ್ಷಮೆ? ಕೊಲೆಗಾರನ್ನ ಹಿಡಿದಿದ್ದಕ್ಕಾ?"

ಪುಟದ ತುಂಬ ಕೆಂಪು ಶಾಯಿ. ಆ ಪ್ರಕಾಶನದಲ್ಲಿ ಕೆಂಪು ಪೆನ್ನಿದ್ದದ್ದು ಸಂಪಾದಕನ ಬಳಿ ಮಾತ್ರ. ಅವನು ಬಾಯಿ ತೆರೆದ. ಒಳಗಿನ ಕೋಣೆಯಲ್ಲಿ ಪ್ರಕಾಶನದ ಯಜಮಾನರು ಕೆಮ್ಮಿದರು. ಬಾಯಿ ಮುಚ್ಚಿದ.

'ಹೇಡಿ...' ಎಂದುಕೊಂಡಳು.

"ನನ್ನ ಹೆಸರು ತೆಗೆದುಬಿಡಿ. ಮೊದಲನೇ ಪುಸ್ತಕ ಅಂತ ಎರಡು ವರ್ಷ ಜೀವ ತೇಯ್ದಿದ್ದೀನಿ. ಆದ್ರೂ ಬೇಡ."

"ಒಂದು ವಾರ ಕೊಡಿ..."

"ಯಾಕೆ, ಅವಳಿಗೆ ಮದುವೆ ಮಾಡಿಸೋಕಾ?"

ಅವಳು ಅನುವಾದಿಸಿದ್ದು ಸ್ಕ್ಯಾಂಡಿನೇವಿಯಾದ ಪತ್ತೇದಾರಿ ಕಾದಂಬರಿ. ಹಿಮ, ಹೆಣ ಎಲ್ಲ ನೆಪ. ಲೋಕ ಮುಗಿಬಿದ್ದು ಓದಿದ್ದು ಆ ಇನ್ಸ್‌ಪೆಕ್ಟರಮ್ಮನಿಗಾಗಿ. ನಿನ್ನೆಯ ಅಂಗಿಯಲ್ಲೇ ಕೆಲಸಕ್ಕೆ ಹೋಗುವವಳು, ಯಾರ ಮೆಚ್ಚುಗೆಗೂ ಕಾಯದವಳು, ಕೊಲೆಯಾದ ಹುಡುಗಿಯನ್ನು ಮಾತ್ರ ಮರೆಯದವಳು.

ಮನೆಯಲ್ಲಿ ದೊಡ್ಡಮ್ಮ, "ಸ್ವಲ್ಪ ನಗಬಾರದಾ ತಾಯಿ? ಹೀಗಿದ್ರೆ ಯಾರು ಒಪ್ತಾರೆ?" ಎಂದು ಅನುವಾದಕಿಯನ್ನು ಚಿಕ್ಕಂದಿನಿಂದ ತಿದ್ದುತ್ತಲೇ ಬಂದಿದ್ದರು. ಯಾರ ತಿದ್ದುಪಡಿಗೂ ಸಿಗದ ಒಬ್ಬಳು ಪುಸ್ತಕದಲ್ಲಾದರೂ ಇದ್ದಳು... ಈಗ ಅವಳನ್ನೂ ಬಿಡಲಿಲ್ಲ. ಅನುವಾದಕಿ ಬಾಗಿಲು ಹಾಕಿಕೊಂಡು ಅತ್ತಳು.

ವಾರದ ನಂತರ ತನ್ನ ಮೂಲ ಪುಸ್ತಕ ವಾಪಸು ತರಲು ಹೋದಳು. ಸಂಪಾದಕ ಇರಲಿಲ್ಲ. ಪುಟ ಜೋಡಿಸುವ ಅಕ್ಕ ಕರಡು ಪ್ರತಿ ಕೈಗಿಟ್ಟಳು.

ಹೊಡೆದುಹಾಕಿದ ಮಾತು ಉಳಿಯಬೇಕಾದರೆ ಅದರ ಕೆಳಗೆ ಸಾಲಾಗಿ ಚುಕ್ಕೆ ಇಟ್ಟು, ಪಕ್ಕದಲ್ಲಿ 'ಇರಲಿ' ಎಂದು ಬರೆಯುವುದು ಕರಡು ತಿದ್ದುವವರ ಪದ್ಧತಿ. ಪುಟಪುಟದಲ್ಲೂ ಪೆನ್ಸಿಲ್ ಚುಕ್ಕೆಗಳು. ಇರಲಿ. ಇರಲಿ. ಇರಲಿ.

"ಕೆಂಪು ಗೀಚಿದ್ದು ಯಜಮಾನ್ರು ಕಣಮ್ಮ," ಎಂದಳು ಅಕ್ಕ. "ಸ್ವಂತ ಪೆನ್ನು ಅವರಿಗೆ ಯಾವತ್ತಿತ್ತು? ನಮ್ಮ ಸಂಪಾದಕರ ಮೇಜಿಂದ ಎತ್ಕೊಂಡು ಹೋಗ್ತಾರೆ. ಅಳದ ಹೆಂಗಸನ್ನ ಯಾರು ಓದ್ತಾರೆ ಅಂತ ಅವರ ಚಿಂತೆ. ಇವರು, 'ಅವಳು ಹೀಗೇ ಇರ್ಬೇಕು, ಇಲ್ಲಾಂದ್ರೆ ನಾನು ಕೆಲಸ ಬಿಡ್ತೀನಿ' ಅಂದುಬಿಟ್ರು. ಯಜಮಾನ್ರು ಒಪ್ಕೊಂಡ್ರು. ಏನ್ಮಾಡ್ತಾರೆ? ಇಲ್ಲಿ ನೆಟ್ಟಗೆ ಕಾಗುಣಿತ ಬರೋದು ಇವರೊಬ್ಬರಿಗೇ."

ಅಷ್ಟರಲ್ಲಿ ಅವನು ಮುಖಪುಟದ ಹಾಳೆ ಹಿಡಿದು ಬಂದ. ಅದರ ಮೇಲೆ ಅವಳ ಹೆಸರಿತ್ತು.

"ಅವತ್ತೇ ಹೇಳಬಾರದಿತ್ತಾ?"

"ಪೆನ್ನು ನನ್ನದೇ ಅಲ್ವಾ? ಮೊದಲು ಸರಿಮಾಡಿ ಆಮೇಲೆ ಹೇಳೋಣ ಅಂತ..." ಅವನ ಕಿವಿ ಕೆಂಪಾಯಿತು. "ಅವಳು ಮಾತಾಡೋದು ನಿಮ್ಮ ಇಮೇಲ್ ಥರಾನೇ. ಎರಡು ವರ್ಷದಿಂದ ಓದ್ತಿದ್ದೀನಿ... ನೀವಂದ್ರೆ ನನಗೆ ಇಷ್ಟ."

ಅವಳು ನಗಲಿಲ್ಲ. "ನನಗೆ ಕೋಪ ಜಾಸ್ತಿ. ಹೇಳಿದಾಗ ನಗೋಕೆ ಬರಲ್ಲ. ಬದಲಾಗೋದೂ ಇಲ್ಲ."

ಅವನು ಜೇಬಿನಿಂದ ಪೆನ್ಸಿಲ್ ತೆಗೆದು, ಮುಖಪುಟದಲ್ಲಿದ್ದ ಅವಳ ಹೆಸರಿನ ಕೆಳಗೆ ಒಂದೊಂದೇ ಚುಕ್ಕೆ ಇಟ್ಟ.

ಒಳಗೆ ಯಜಮಾನರು ಕೆಮ್ಮಿದರು. ಕೆಮ್ಮಿಕೊಳ್ಳಲಿ.

ಅವಳು ಪೆನ್ಸಿಲ್ ಕಿತ್ತುಕೊಂಡಳು. "ಕೈ ಕೊಡಿ ಇಲ್ಲಿ."

ಕೊಟ್ಟ. ಅಂಗೈ ಮೇಲೆ ನಾಲ್ಕು ಚುಕ್ಕೆ ಇಟ್ಟಳು.

"ಇದು...?"

"ಕರಡು ಓದೋಕೆ ಬರುತ್ತಲ್ಲ, ಓದ್ಕೊಳ್ಳಿ."