ಐದನೆಯ ಚೀಟಿ

ಹೋಗಬೇಡಿ ಅಂದುಬಿಟ್ಟರೆ ತಪ್ಪಾದೀತೇ? ಲೈಬ್ರರಿ ಮೇಡಂ ತಾವಾಗಿಯೇ ಪರೀಕ್ಷೆ ಬರೆದು ಗಿಟ್ಟಿಸಿಕೊಂಡ ಕೆಲಸ. ಬೇರೆ ಊರಿನ, ಮೂರು ಮಹಡಿಯ ದೊಡ್ಡ ಲೈಬ್ರರಿ. ಅಡ್ಡ ನಿಲ್ಲುವುದಕ್ಕೆ ತಾನು ಯಾರು? ಹಾಗಂತ ಬಾಯಿಗೆ ಬೀಗ ಹಾಕಿಕೊಂಡು ಕೂತರೆ, ಶನಿವಾರ ಅವರು ಒಪ್ಪಿಗೆ ಪತ್ರ ಕಳಿಸುತ್ತಾರೆ. ತಿಂಗಳ ಕೊನೆಗೆ ರೈಲು ಹತ್ತುತ್ತಾರೆ. ಆಮೇಲೆ ಕಿಟಕಿ ಪಕ್ಕದ ಆ ಮೇಜಿನ ಹಿಂದೆ ಬೇರೆ ಯಾರೋ ಕೂತು, ‘ಸರ್, ಪುಸ್ತಕ ವಾಪಸ್ ತಂದಿದೀರಾ?’ ಎಂದು ಕೇಳುತ್ತಾರೆ. ಅಷ್ಟೇ.

ಗುರುವಾರ ಬೆಳಗಿನ ಖಾಲಿ ಸ್ಟಾಫ್ ರೂಮಿನಲ್ಲಿ ಕತ್ತರಿ ಕರಕರ ಎನ್ನುತ್ತಿತ್ತು. ಎಂಟನೇ ತರಗತಿಯ ಭಾಷಾ ಮೇಷ್ಟ್ರು ಅವನು. ಮಾತು ಕಡಿಮೆ. ಪಾಠ ಮಾಡುವಾಗ ಬಿಟ್ಟರೆ ಅವನ ದನಿ ಕೇಳಿದವರೇ ಕಮ್ಮಿ. ಆದರೆ ಗುರುವಾರದ ಅವನ ತರಗತಿಗೆ ಮಕ್ಕಳು ಓಡಿ ಬರುತ್ತಿದ್ದರು. ಕಥೆಯಲ್ಲದ ಯಾವುದಾದರೂ ಬರಹವನ್ನು, ಇರುವೆಯದೋ ಸೇತುವೆಯದೋ, ಅವನು ಪ್ಯಾರಾ ಪ್ಯಾರಾ ಚೀಟಿಗಳಾಗಿ ಕತ್ತರಿಸಿ, ಕಲಸಿ, ಕವರಿಗೆ ಹಾಕಿ ಕೊಡುತ್ತಿದ್ದ. ಮಕ್ಕಳು ಅದನ್ನು ಜೋಡಿಸಿ, ಬರಹ ಹೇಗೆ ಕಟ್ಟಿದ್ದು ಎಂದು ಹೇಳಬೇಕು. ಇಲ್ಲಿ ಹೋಲಿಕೆ, ಇಲ್ಲಿ ಕಾರಣ ಮತ್ತು ಪರಿಣಾಮ, ಇಲ್ಲಿ ಒಂದಾದ ಮೇಲೊಂದು ನಡೆಯುವ ಅನುಕ್ರಮ, ಇಲ್ಲಿ ಸಮಸ್ಯೆ ಮತ್ತು ಪರಿಹಾರ.

‘ಮನೆ ನೋಡಿದ್ರೆ ಗೋಡೆ ಕಾಣುತ್ತೆ. ಕಟ್ಟಿದೋನ ಯೋಚನೆ ಕಾಣಬೇಕಾದ್ರೆ ಒಂದ್ಸಲ ಬಿಚ್ಚಿ ನೋಡಬೇಕು,’ ಎನ್ನುತ್ತಿದ್ದ. ಬೇರೆಯವರ ಬರಹ ಬಿಚ್ಚುವುದರಲ್ಲಿ ಅವನು ನಿಸ್ಸೀಮ. ತನ್ನ ಮನಸ್ಸು ಬಿಚ್ಚುವುದಿದ್ದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ.

ಮೊಬೈಲ್ ಸದ್ದಾಯಿತು. ಅಕ್ಕ.

“ಹೇಳಿದ್ಯೇನೋ?”

“ಇಲ್ಲ. ನಿನ್ನೆ ಬರೆದೆ.”

“ಅಬ್ಬಾ! ಏನ್ ಬರೆದೆ?”

“ಒಂದು ವರದಿ.”



“ವರದಿ? ಮನಸ್ಸಿಗೆ ಬಂದ ಹುಡುಗಿಗೆ ವರದಿ ಬರೆಯೋನು ಈ ಭೂಮಿ ಮೇಲೆ ನೀನೊಬ್ಬನೇ ಕಣೋ! ಕೆಳಗೆ ‘ತಮ್ಮ ವಿಧೇಯ’ ಅಂತಾನೂ ಹಾಕಿದ್ಯಾ?”

“ಇಲ್ಲ ಅಕ್ಕ. ಹೆಸರೇ ಹಾಕಲಿಲ್ಲ.”

“ಇನ್ನೂ ಚೆನ್ನಾಯ್ತು. ಕೊಟ್ಯಾ?”

“ಓದಿ ನೋಡಿದೆ. ನಾಚಿಕೆ ಆಯ್ತು. ಪ್ರಿಂಟರ್ ಪಕ್ಕ ಕವುಚಿ ಹಾಕಿ ಬಂದುಬಿಟ್ಟೆ. ಈಗ ನೋಡಿದ್ರೆ ಇಲ್ಲ. ಕಸಕ್ಕೆ ಹೋಗಿರಬೇಕು.”

“ಹೋಗಲಿ ಬಿಡು. ಬಾಯಿ ಇದೆಯಲ್ಲ, ಅದನ್ನ ಒಂದ್ಸಲ ಉಪಯೋಗಿಸು,” ಎಂದು ಅಕ್ಕ ಫೋನಿಟ್ಟಳು.

ವರದಿಯನ್ನು ಅವನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ತರಗತಿಗೆ ಮಾಡುವ ಹಾಗೆಯೇ, ಪುಟಕ್ಕೆ ಐದು ಚೌಕ ಹಾಕಿ, ಚೌಕಕ್ಕೊಂದು ಪ್ಯಾರಾದಂತೆ ಟೈಪ್ ಮಾಡಿದ್ದ. ಇವತ್ತು ಬೆಳಿಗ್ಗೆ ಅದೇ ಪ್ರಿಂಟರಿನಲ್ಲಿ ತೆಗೆದ ಇರುವೆ ಪಾಠದಲ್ಲಿ ನಾಲ್ಕೇ ಪ್ಯಾರಾ ಇದ್ದದ್ದರಿಂದ ಪ್ರತಿ ಹಾಳೆಯ ಕೊನೆಯ ಚೌಕ ಖಾಲಿ ಉಳಿದಿತ್ತು. ಆ ಖಾಲಿ ಚೀಟಿಗಳನ್ನು ಗೀಚುವುದಕ್ಕಾಯಿತು ಎಂದು ಅಂಗಿಯ ಜೇಬಿಗೆ ಸೇರಿಸಿದ. ಹಿಂದುಗಡೆ ಏನಿದೆಯೆಂದು ನೋಡಲಿಲ್ಲ. ಶಾಲೆಯ ದೊಡ್ಡ ಮೇಡಂ ಕಾಗದ ಹಾಳಾಗುವುದನ್ನು ಸಹಿಸರು. ಒಂದು ಬದಿ ಬಳಸಿದ ಹಾಳೆಗಳನ್ನೇ ಪ್ರಿಂಟರಿಗೆ ತುಂಬಿಸುತ್ತಿದ್ದರು. ಹಿಂದುಗಡೆ ಯಾವಾಗಲೂ ಹಳೆಯ ಟೈಮ್ ಟೇಬಲ್ಲೋ ಸುತ್ತೋಲೆಯೋ ಇರುವುದು. ಅದನ್ನು ಯಾರು ನೋಡುತ್ತಾರೆ?

ಮಕ್ಕಳು ನೋಡುತ್ತಾರೆ.

*

ಗುರುವಾರದ ತರಗತಿ ಲೈಬ್ರರಿಯಲ್ಲಿ. ಉದ್ದ ಮೇಜುಗಳು ಇರುವುದು ಅಲ್ಲೇ. ಹಿಂದೆ, ಕಿಟಕಿಯ ಬೆಳಕಿನಲ್ಲಿ, ಲೈಬ್ರರಿ ಮೇಡಂ ಹರಿದ ಪುಸ್ತಕಗಳ ಬೆನ್ನಿಗೆ ಬ್ರಷ್ಷಿನಿಂದ ಅಂಟು ಹಚ್ಚುತ್ತ ಕೂತಿದ್ದಳು. ಕೂದಲಿನ ಗಂಟಿನಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಅವನು ಒಳಗೆ ಬಂದಾಗ ತಲೆಯೆತ್ತದೆಯೇ ಹುಬ್ಬು ಮಾತ್ರ ಎತ್ತಿದಳು. ಎರಡು ವರ್ಷದಿಂದ ಅದೇ ಅವಳ ನಮಸ್ಕಾರ. ಅವನು ದಿನಾ ಅದನ್ನು ಎಣಿಸುತ್ತಿದ್ದ.

ಕವರುಗಳನ್ನು ಹಂಚಿಯಾಯಿತು. ಹತ್ತು ನಿಮಿಷಕ್ಕೆ ಮೂರು ಗುಂಪುಗಳು ಇರುವೆಗಳನ್ನು ಸಾಲಾಗಿ ಗೂಡಿಗೆ ಸೇರಿಸಿದವು. ನಾಲ್ಕನೆಯ ಗುಂಪಿನಲ್ಲಿ ಮಾತ್ರ ಗುಸುಗುಸು. ಅದರ ಮುಖಂಡಳಿಗೆ ಇಡೀ ಶಾಲೆ ‘ಲಾಯರ್’ ಎನ್ನುತ್ತಿತ್ತು, ಯಾವ ಮಾತಿಗೂ ಆಧಾರ ಕೇಳದೆ ಬಿಡುವವಳಲ್ಲ. ಅವಳು ಎದ್ದು ನಿಂತಳು.

“ಸಾರ್, ನಮ್ಮದು ಇರುವೆ ಅಲ್ಲ.”

“ಮತ್ತೆ?”

“ಹಿಂದುಗಡೆ ಇನ್ನೊಂದು ಬರಹ ಇತ್ತು. ಅದೇ ಚೆನ್ನಾಗಿತ್ತು. ಅದನ್ನೇ ಜೋಡಿಸಿದ್ವಿ. ಓದ್ಲಾ?”

ಅವನು ‘ಓದು’ ಎಂದದ್ದು ಅಭ್ಯಾಸಬಲದಿಂದ.

“‘ಎರಡು ವರ್ಷದ ಹಿಂದೆ ನಮ್ಮ ಲೈಬ್ರರಿಗೆ ಬೀಗ ಬಿದ್ದಿತ್ತು. ಬೀಗದ ಕೈ ಯಾರ ಬಳಿ ಇದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಈಗ ಊಟದ ಬಿಡುವಿನಲ್ಲಿ ಕೂರಲು ಜಾಗ ಸಿಗುವುದಿಲ್ಲ.’ ಇದು ಹೋಲಿಕೆ, ಸಾರ್. ಆಗ, ಈಗ.”

ಅವನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಹಿಂದೆ ಬ್ರಷ್ ಓಡಾಡುವ ಸದ್ದು ನಿಂತಿತು.

“ಅದು... ಅದು ಸಾಕು,” ಎಂದ.

“ಇನ್ನೂ ಮೂರಿದೆ ಸಾರ್. ‘ಕಾರಣ, ಪುಸ್ತಕ ಹರಿದುಕೊಂಡು ಬಂದ ಮಗುವನ್ನು ಇಲ್ಲಿ ಬೈಯುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಅಂಟು ಹಚ್ಚಲು ಕಲಿಸುತ್ತಾರೆ. ಆದ್ದರಿಂದ ಯಾರೂ ಹರಿದ ಪುಸ್ತಕ ಬಚ್ಚಿಡುವುದಿಲ್ಲ.’ ಇದು ಕಾರಣ, ಪರಿಣಾಮ. ಮೂರನೇದು ಅನುಕ್ರಮ. ‘ಬೆಳಿಗ್ಗೆ ಎಂಟೂವರೆಗೆ ಅವರು ಮೊದಲು ಎಡಗಡೆಯ ಕಿಟಕಿ ತೆರೆಯುತ್ತಾರೆ, ನಂತರ ಬಲಗಡೆಯದು. ಆಮೇಲೆ ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹತ್ತೂ ಇಪ್ಪತ್ತಕ್ಕೆ ಅದೇ ಪೆನ್ಸಿಲನ್ನು ಇಡೀ ಮೇಜಿನ ಮೇಲೆ ಹುಡುಕುತ್ತಾರೆ.’”

ತರಗತಿಗೆ ತರಗತಿಯೇ ಹಿಂದಕ್ಕೆ ತಿರುಗಿತು. ಮೇಡಂ ಮೆಲ್ಲಗೆ ಕೈಯೆತ್ತಿ ಕೂದಲು ಮುಟ್ಟಿಕೊಂಡಳು. ಪೆನ್ಸಿಲ್ ಅಲ್ಲೇ ಇತ್ತು. ಮಕ್ಕಳು ಗೊಳ್ಳೆಂದರು.

“ನಾಲ್ಕನೇದು ಸಮಸ್ಯೆ,” ಲಾಯರ್ ದನಿ ತಗ್ಗಿಸಿದಳು. “‘ತಿಂಗಳ ಕೊನೆಗೆ ಅವರು ಹೊರಡುತ್ತಾರೆ. ಪುಸ್ತಕಗಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬಂದಾರು. ಆದರೆ ಮೂರನೇ ಪೀರಿಯಡ್ಡಿನಲ್ಲಿ ಯಾವ ಕೆಲಸವೂ ಇಲ್ಲದೆ ಇಲ್ಲಿಗೆ ಬರುವ ಒಬ್ಬ ಓದುಗ ಏನು ಮಾಡಬೇಕು?’”

ಬೆಂಚಿನ ತುದಿಯಿಂದ ಉದ್ದನೆಯ ಹುಡುಗನೊಬ್ಬ ಕೇಳಿದ: “ಆ ಓದುಗ ಯಾರು ಸಾರ್?”

“ಬರಹದಲ್ಲಿ ಇಲ್ಲದ್ದನ್ನ ಊಹಿಸಬಾರದು,” ಎಂದ ಮೇಷ್ಟ್ರು. ದನಿ ಅವನದೇ ಎಂದು ಅವನಿಗೇ ನಂಬಿಕೆಯಾಗಲಿಲ್ಲ.

“ಊಹೆ ಅಲ್ಲ ಸಾರ್, ಆಧಾರ ಇದೆ,” ಎಂದಳು ಲಾಯರ್. “ಮೂರನೇ ಪೀರಿಯಡ್ ನಿಮಗೆ ಫ್ರೀ. ಹೋದ ವಾರದ ಚೀಟಿಗಳ ಹಿಂದೆ ಟೀಚರ್‌ಗಳ ಟೈಮ್ ಟೇಬಲ್ ಇತ್ತು.”

ಮಕ್ಕಳು ಮೇಜು ಬಡಿದ ಸದ್ದಿಗೆ ಪಕ್ಕದ ತರಗತಿಯ ಗಣಿತದ ಟೀಚರ್ ಬಾಗಿಲಲ್ಲಿ ಇಣುಕಿ ಹೋದರು. ಮೇಷ್ಟ್ರ ಕಿವಿ ಕೆಂಪೇರಿತ್ತು. ನೆಲ ಬಾಯಿ ಬಿಟ್ಟಿದ್ದರೆ ಅವನು ಹಾಜರಿ ಪುಸ್ತಕದ ಸಮೇತ ಇಳಿದುಬಿಡುತ್ತಿದ್ದ.

“ಆದ್ರೆ ಬರಹ ಪೂರ್ತಿ ಇಲ್ಲ ಸಾರ್. ಪರಿಹಾರದ ಚೀಟಿ ಕವರಲ್ಲಿ ಇಲ್ಲ. ಅದಿಲ್ಲದೆ ಇದು ಹೇಗೆ ಕಟ್ಟಿದ ಬರಹ ಅಂತ ಹೇಳೋಕಾಗಲ್ಲ. ಬರೆದವರಿಗೆ ಪರಿಹಾರ ಗೊತ್ತಿಲ್ವಾ, ಇಲ್ಲ ಹೇಳೋಕೆ ಭಯಾನಾ?”

ಗಂಟೆ ಹೊಡೆಯಿತು. ಅವನ ಪುಣ್ಯ.

*

ಮಕ್ಕಳು ಹೋದ ಮೇಲೆ ಕೋಣೆಯಲ್ಲಿ ಅಂಟಿನ ವಾಸನೆಯೂ ಫ್ಯಾನಿನ ಸದ್ದೂ ಉಳಿದವು. ಮೇಜಿನ ಮೇಲೆ ನಾಲ್ಕು ಚೀಟಿಗಳು ಸಾಲಾಗಿ ಬಿದ್ದಿದ್ದವು. ಅವಳು ಬಂದು ಅವುಗಳ ಎದುರು ನಿಂತಳು. ಒಂದೊಂದನ್ನೂ ಬೆರಳಲ್ಲಿ ನೇರ ಮಾಡಿದಳು.

“ಮೇಷ್ಟ್ರೇ, ಮೂರನೇ ಪ್ಯಾರಾದಲ್ಲಿ ಒಂದು ತಪ್ಪಿದೆ.”

“ಕ್ಷಮಿಸಿ ಮೇಡಂ. ಇದು ನಿಮ್ಮ ಕಣ್ಣಿಗೆ ಬೀಳಬಾರದಿತ್ತು... ಕಸಕ್ಕೆ ಹೋಗಿದೆ ಅಂದ್ಕೊಂಡಿದ್ದೆ.”

“ತಪ್ಪು ಏನು ಅಂತ ಕೇಳಿ.”

“ಏನು?”

“ಪೆನ್ಸಿಲ್ ವಿಷಯ. ನೀವು ಅದನ್ನ ಅನುಕ್ರಮದ ಹಾಗೆ ಬರೆದಿದೀರಿ. ಹತ್ತೂ ಇಪ್ಪತ್ತು ಆಗುತ್ತೆ, ನಾನು ಪೆನ್ಸಿಲ್ ಹುಡುಕ್ತೀನಿ. ಅದು ಅನುಕ್ರಮ ಅಲ್ಲ.” ಅವಳು ಚೀಟಿಯಿಂದ ಕಣ್ಣೆತ್ತಲಿಲ್ಲ. “ಕಾರಣ, ಪರಿಣಾಮ. ಹತ್ತೂ ಇಪ್ಪತ್ತಕ್ಕೆ ನೀವು ಬರ್ತೀರಿ. ಬಂದು ‘ಕೂದಲಲ್ಲೇ ಇದೆ ಮೇಡಂ’ ಅಂತೀರಿ. ಬೇರೆ ಏನೂ ಮಾತಾಡಲ್ಲ ನೀವು. ಅಷ್ಟಾದ್ರೂ ಕೇಳೋಣ ಅಂತ ಹುಡುಕ್ತೀನಿ. ನೀವು ರಜೆ ಹಾಕಿದ ದಿನ ನನ್ನ ಪೆನ್ಸಿಲ್ ಕಳೆಯೋದೇ ಇಲ್ಲ.”

ಎರಡು ವರ್ಷ ದಿನವೂ ಓದಿದ ಪುಟವನ್ನು ತಾನು ಇಷ್ಟು ತಪ್ಪಾಗಿ ಓದಿದ್ದನೇ?

“ಈಗ ಐದನೇ ಚೀಟಿ ಕೊಡಿ,” ಅವಳು ಕೈ ಚಾಚಿದಳು. “ನನಗೂ ಪರಿಹಾರ ಓದಬೇಕು.”

ಅವನ ಕೈ ಜೇಬಿಗೆ ಹೋಯಿತು. ಆಗಷ್ಟೇ ಅವನಿಗೆ ಹೊಳೆಯಿತು, ಖಾಲಿ ಎಂದುಕೊಂಡ ಚೀಟಿಗಳ ನಡುವೆ ಅದೂ ಇದೆ. ಅರ್ಧ ಹೊರಗೆಳೆದು ನೋಡಿದ, ಎಲ್ಲಕ್ಕಿಂತ ಮೇಲಿನದೇ ಅದು. ಬೆನ್ನ ಮೇಲೆ ಅವನೇ ಟೈಪ್ ಮಾಡಿದ ಒಂದೇ ಸಾಲು: ‘ಆದ್ದರಿಂದ ಅವರು ಹೋಗಬಾರದು.’

ಅವಳ ಮೇಜಿನ ಮೇಲೆ ಒಪ್ಪಿಗೆ ಪತ್ರ ಇತ್ತು, ಸಹಿಯಿಲ್ಲದೆ. ಅದರ ಪಕ್ಕದಲ್ಲಿ, ಗ್ರಾಫ್ ಹಾಳೆಯ ಮೇಲೆ, ಆ ಹೊಸ ಲೈಬ್ರರಿಯ ಮಕ್ಕಳ ವಿಭಾಗಕ್ಕೆ ಅವಳು ಬಿಡಿಸಿದ ನಕ್ಷೆ. ತಗ್ಗು ಕಪಾಟುಗಳು, ಪುಸ್ತಕ ರಿಪೇರಿಗೊಂದು ದುಂಡು ಮೇಜು. ಅದರ ಸುತ್ತ ಆರು ಪುಟ್ಟ ಕುರ್ಚಿಗಳು, ಒಂದು ದೊಡ್ಡದು. ಇದನ್ನೆಲ್ಲ ಅವಳು ಹೋದ ವಾರ ಅವನಿಗೆ ತೋರಿಸಿದ್ದಳು, ಮಾತು ಮಾತಿಗೂ ಕೈಯಾಡಿಸುತ್ತ. ಆಗ ಅವಳ ಮುಖದಲ್ಲಿದ್ದ ಬೆಳಕು ಕಿಟಕಿಯದಾಗಿರಲಿಲ್ಲ.

ಆ ಚೀಟಿಯನ್ನು ಅವನು ಜೇಬಿನಲ್ಲೇ ಬಿಟ್ಟ. ಅದರ ಕೆಳಗಿನ ಒಂದನ್ನು ಎಳೆದು ಮೇಜಿನ ಮೇಲಿಟ್ಟು, ನಿಂತಲ್ಲೇ ಬಗ್ಗಿ ಬರೆದ. ಅವಳು ತಲೆ ವಾಲಿಸಿ, ಅಕ್ಷರಗಳು ಮೂಡುತ್ತಿದ್ದ ಹಾಗೆಯೇ ಓದಿದಳು.

“‘ರೈಲಿನಲ್ಲಿ ಎರಡೇ ಗಂಟೆ. ಭಾನುವಾರ ಆ ಲೈಬ್ರರಿ ತೆರೆದಿರುತ್ತದೆ. ಓದುಗ ಅಲ್ಲಿ ಸದಸ್ಯನಾಗುತ್ತಾನೆ.’”

ಅವಳ ನಗು ಮೊದಲು ಕಣ್ಣಿಗೆ ಬಂತು, ಆಮೇಲೆ ತುಟಿಗೆ. ಇದು ಖಂಡಿತ ಅನುಕ್ರಮ ಎಂದುಕೊಂಡ ಅವನು.

“ಎಷ್ಟು ವರ್ಷದ ಸದಸ್ಯತ್ವ ಬೇಕು ಓದುಗರಿಗೆ?”

“ಆಜೀವ ಅಂತ ಇದೆಯಾ?”

“ಇದೆ. ಆದ್ರೆ ಅದಕ್ಕೆ ಮನೆಯವರು ಬಂದು ಮಾತಾಡಬೇಕು.”

“ಅಕ್ಕ ಇದ್ದಾಳೆ. ನಾಳೆಯೇ ಬರ್ತಾಳೆ. ಬೇಡ ಅಂದ್ರೂ ಬರ್ತಾಳೆ.”

“ಬರಲಿ. ಅಮ್ಮನಿಗೆ ಹೇಳಿಟ್ಟಿರ್ತೀನಿ. ನಿಮ್ಮ ಹಾಗೆ ನಿಮ್ಮ ಅಕ್ಕನೂ ವರದಿ ಬರೆದು ತರಲ್ಲ ತಾನೇ?”

“ಅವಳು ಬರೀ ಮಾತು. ನನ್ನ ಪಾಲಿನದ್ದನ್ನೂ ಅವಳೇ ಆಡ್ತಾಳೆ.”

ಅವಳು ಜೋರಾಗಿ ನಕ್ಕಳು. ಲೈಬ್ರರಿಯಲ್ಲಿ ಸದ್ದು ಮಾಡಬಾರದೆಂಬ ಬೋರ್ಡು ಅವಳ ತಲೆಯ ಮೇಲೆಯೇ ಇತ್ತು. ಆಮೇಲೆ ತನ್ನ ಮೇಜಿಗೆ ಹೋಗಿ, ಒಪ್ಪಿಗೆ ಪತ್ರವನ್ನು ಹತ್ತಿರಕ್ಕೆಳೆದುಕೊಂಡು, ಮೇಜಿನ ಮೇಲೆ ಅಲ್ಲಿ ಇಲ್ಲಿ ತಡಕಾಡಿದಳು. ಪುಸ್ತಕ ಎತ್ತಿ ನೋಡಿದಳು, ಅಂಟಿನ ಡಬ್ಬಿ ಸರಿಸಿದಳು. ಗಡಿಯಾರದಲ್ಲಿ ಸರಿಯಾಗಿ ಹತ್ತೂ ಇಪ್ಪತ್ತು.

“ಕೂದಲಲ್ಲೇ ಇದೆ ಮೇಡಂ,” ಎಂದ ಅವನು.

“ಸಹಿಗೆ ಪೆನ್ಸಿಲ್ ನಡೆಯಲ್ಲ ಮೇಷ್ಟ್ರೇ.”

ಅವನು ತನ್ನ ಪೆನ್ನು ಕೊಟ್ಟ. ಅವಳು ಸಹಿ ಮಾಡುವವರೆಗೆ, ಹಾಳೆ ಫ್ಯಾನಿನ ಗಾಳಿಗೆ ಹಾರದಂತೆ, ಅದರ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು ನಿಂತ.

ಜೇಬಿನಲ್ಲೇ ಉಳಿದ ಆ ಐದನೆಯ ಚೀಟಿ ಈಗಲೂ ಇದೆ, ಅವಳೇ ಬೆನ್ನು ಕಟ್ಟಿಕೊಟ್ಟ ಅವನ ಹಳೆಯ ನಿಘಂಟಿನ ಒಳಗೆ. ಹೋಗಬೇಡಿ ಎಂಬ ಮಾತನ್ನು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.